ಹೊಳೆ ದಾಟಿದವರು, ದಾಟಿಸಿದವರು

(2025ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಸೇರಿದ್ದ ಕನ್ನಡಿಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಈ ವರ್ಷ ಜನವರಿ 20ರ ರಾತ್ರಿ ನನಗೆ ಒಬ್ಬ ಹುಡುಗ ಫೋನ್ ಮಾಡಿದ. ಹುಡುಗ ಎಂದರೆ ಮೂವತ್ತೆರಡು ವರ್ಷದವನು, ಚನ್ನರಾಯಪಟ್ಟಣದ ಕಡೆಯವನು. ಎಚ್-1ಬಿ ವೀಸಾದ ಮೇಲೆ ಇಲ್ಲಿ ಕೆಲಸಕ್ಕಿದ್ದಾನೆ. ಹೆಂಡತಿಗೆ ಆಗ ಎಂಟನೆಯ ತಿಂಗಳು. ಮಾರ್ಚ್ ಮೊದಲ ವಾರಕ್ಕೆ ಡಾಕ್ಟರು ದಿನ ಕೊಟ್ಟಿದ್ದರು. "ಅಕ್ಕಾ, ನಮ್ಮ ಮಗು ಇಲ್ಲಿಯ ಪ್ರಜೆ ಆಗುವುದಿಲ್ಲವಂತೆ, ನಿಜವೇ?" ಎಂದು ಕೇಳಿದ. ಹೊಸ ಅಧ್ಯಕ್ಷ ಟ್ರಂಪ್ ಅವರು ಪ್ರಮಾಣವಚನ ತೆಗೆದುಕೊಂಡ ದಿನವೇ ಸಹಿ ಹಾಕಿದ ಆದೇಶಗಳಲ್ಲಿ ಒಂದರ ಸುದ್ದಿ ಆಗಷ್ಟೇ ಅವನ ಕಿವಿಗೆ ಬಿದ್ದಿತ್ತು. ಕೆಲವರು ಆದೇಶ ಜಾರಿಗೆ ಬರುವ ಮೊದಲೇ ಆಪರೇಷನ್‌ನಿಂದ ಹೆರಿಗೆ ಮಾಡಿಸಿಕೊಳ್ಳಬಹುದೇ ಎಂದು ಆಸ್ಪತ್ರೆಗಳಲ್ಲಿ ವಿಚಾರಿಸುತ್ತಿದ್ದಾರೆ, ನಾವೂ ಕೇಳಬೇಕೇ ಎಂದ. ಬೇಡಪ್ಪ, ಮಗುವಿಗೆ ತನ್ನ ದಿನ ಗೊತ್ತು, ಅದನ್ನು ಅವಸರ ಮಾಡಬೇಡಿ ಎಂದೆ. ಅವನಿಗೆ ಧೈರ್ಯ ಹೇಳಿದೆನೇ ಹೊರತು ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ನಾನು ವಕೀಲೆಯಲ್ಲ, ರಾಜ್ಯಶಾಸ್ತ್ರ ಓದಿದವಳೂ ಅಲ್ಲ. ತೀರ್ಥಹಳ್ಳಿಯಲ್ಲಿ ಬೆಳೆದು, 1999ರಲ್ಲಿ ಈ ದೇಶಕ್ಕೆ ಬಂದು, 2013ರಲ್ಲಿ ಇಲ್ಲಿಯ ಪ್ರಜೆಯಾಗಿ, ಅಲ್ಲಿಂದ ಇಲ್ಲಿಯವರೆಗೆ ಒಂದು ಚುನಾವಣೆಯನ್ನೂ ಬಿಡದೆ ಮತ ಹಾಕಿರುವ ಹೆಂಗಸು. ಆ ಫೋನ್ ಕರೆಯ ನಂತರ ಪೌರತ್ವದ ಈ ವಿಷಯ ಎಲ್ಲಿಂದ ಶುರುವಾಯಿತು ಎಂದು ಓದಲು ಕುಳಿತೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮಲ್ಲಿ ಕೆಲವರಿಗೆ ನನ್ನ ಮಾತು ಹಿಡಿಸದೆ ಇರಬಹುದು, ಆದರೂ ಕೊನೆಯವರೆಗೆ ಕೇಳಿ ಎಂದು ಬೇಡಿಕೊಳ್ಳುತ್ತೇನೆ.

ಮೊದಲು ಆ ಆದೇಶದಲ್ಲಿ ಏನಿದೆ ಎಂಬುದು. ನಮ್ಮಲ್ಲಿ ಬಹಳ ಜನ ಅದು ಗಡಿ ಹಾರಿ ಬಂದವರ ಮಕ್ಕಳಿಗೆ ಮಾತ್ರ ಎಂದುಕೊಂಡಿದ್ದರು. ಅದರಲ್ಲಿ ಎರಡು ಭಾಗಗಳಿವೆ. ತಾಯಿ ಕಾನೂನುಬಾಹಿರವಾಗಿ ಇಲ್ಲಿದ್ದು, ತಂದೆ ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡ್ ಎಂಬ ಕಾಯಂ ವಾಸದ ಪರವಾನಗಿ ಇದ್ದವನೂ ಅಲ್ಲ ಎಂದಾದರೆ ಮಗುವಿಗೆ ಪೌರತ್ವವಿಲ್ಲ ಎಂಬುದು ಒಂದು. ತಾಯಿ ಕಾನೂನುಬದ್ಧವಾಗಿಯೇ ಇದ್ದರೂ ತಾತ್ಕಾಲಿಕ ವೀಸಾದ ಮೇಲೆ ಇದ್ದು, ತಂದೆ ಪ್ರಜೆಯೂ ಗ್ರೀನ್ ಕಾರ್ಡ್‌ನವನೂ ಅಲ್ಲದಿದ್ದರೆ ಆಗಲೂ ಇಲ್ಲ ಎಂಬುದು ಇನ್ನೊಂದು. ಕೆಲಸದ ಎಚ್-1ಬಿ, ಅವರ ಸಂಗಾತಿ ಮತ್ತು ಮಕ್ಕಳಿಗೆ ಕೊಡುವ ಎಚ್-4, ವಿದ್ಯಾರ್ಥಿ ವೀಸಾ ಎಲ್ಲವೂ ಈ ಎರಡನೆಯ ಭಾಗಕ್ಕೆ ಸೇರುತ್ತವೆ. ಇದು ನಮ್ಮ ಮನೆಗಳ ಮಾತು. ಮೂರೇ ದಿನಗಳಲ್ಲಿ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ಆದೇಶವನ್ನು ತಡೆದರು. ಜೂನ್ 27ರಂದು ಸುಪ್ರೀಂ ಕೋರ್ಟ್, ಹೀಗೆ ಒಬ್ಬ ಜಿಲ್ಲಾ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯಿಸುವ ತಡೆ ಕೊಡುವ ಅಧಿಕಾರವನ್ನು ಮೊಟಕುಗೊಳಿಸಿತು. ಜುಲೈನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಲಯ ಇಂಥ ಎಲ್ಲ ಮಕ್ಕಳನ್ನೂ ಒಂದು ವರ್ಗವೆಂದು ಪರಿಗಣಿಸಿ ಮತ್ತೆ ತಡೆ ಕೊಟ್ಟಿತು. ಈ ತಿಂಗಳ 5ರಂದು ಸುಪ್ರೀಂ ಕೋರ್ಟ್ ಪೌರತ್ವದ ಮೂಲ ಪ್ರಶ್ನೆಯನ್ನೇ ವಿಚಾರಣೆಗೆ ಎತ್ತಿಕೊಂಡಿದೆ. ಮಾರ್ಚ್‌ನಲ್ಲಿ ಹುಟ್ಟಿದ ಆ ಮಗು ಈಗ ಅಂಬೆಗಾಲಿಡುತ್ತಿದೆ.

ಆದೇಶ ಅನ್ವಯವಾಗಬೇಕಿದ್ದದ್ದು ಸಹಿಯಾದ ಮೂವತ್ತು ದಿನಗಳ ನಂತರ ಹುಟ್ಟುವ ಮಕ್ಕಳಿಗೆ. ಲೆಕ್ಕ ಹಾಕಿದರೆ ಫೆಬ್ರುವರಿ 19. ಆ ದಿನಾಂಕ ಆಕಸ್ಮಿಕವೇ ಇರಬೇಕು, ಆದರೆ ನನ್ನನ್ನು ಕಾಡುತ್ತದೆ. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಆದೇಶದಿಂದ ಈ ಕರಾವಳಿಯ ಜಪಾನಿ ಕುಟುಂಬಗಳನ್ನು ಶಿಬಿರಗಳಿಗೆ ಅಟ್ಟಲಾಯಿತು. ಅವರಲ್ಲಿ ಹೆಚ್ಚಿನವರು ಇಲ್ಲಿಯೇ ಹುಟ್ಟಿದ ಪ್ರಜೆಗಳು. 1923ರ ಫೆಬ್ರುವರಿ 19ರಂದು ಈ ದೇಶದ ಸುಪ್ರೀಂ ಕೋರ್ಟ್, ಭಾರತೀಯರು ಅಮೆರಿಕದ ಪ್ರಜೆಗಳಾಗಲು ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನ ಬಗ್ಗೆ ನಮ್ಮ ಮಕ್ಕಳಿಗೆ ಹೋಗಲಿ, ನಮಗೇ ಯಾರೂ ಹೇಳಿಲ್ಲ. ಅದಕ್ಕೆ ಬರುವ ಮೊದಲು ಇನ್ನೊಂದು ಕಥೆ ಹೇಳಬೇಕು, ಯಾಕೆಂದರೆ ಎರಡನ್ನೂ ಜೊತೆಯಲ್ಲಿ ಇಟ್ಟು ನೋಡಿದಾಗಲೇ ನನಗೆ ಕಣ್ಣು ತೆರೆದದ್ದು.

ಇಲ್ಲಿಂದ ಐವತ್ತು ಮೈಲಿ ದೂರದ ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನ್‌ನಲ್ಲಿ 1873ರಲ್ಲಿ ವಾಂಗ್ ಕಿಮ್ ಆರ್ಕ್ ಎಂಬಾತ ಹುಟ್ಟಿದ. ತಂದೆ ತಾಯಿ ಚೀನಾದವರು. ದೊಡ್ಡವನಾಗಿ ಅಡುಗೆ ಕೆಲಸ ಹಿಡಿದ. 1894ರಲ್ಲಿ ಚೀನಾಕ್ಕೆ ಹೋಗಿ ಮರುವರ್ಷ ಆಗಸ್ಟ್‌ನಲ್ಲಿ ಹಡಗಿನಲ್ಲಿ ವಾಪಸು ಬಂದಾಗ ಬಂದರಿನ ಅಧಿಕಾರಿ ಇಳಿಯಲು ಬಿಡಲಿಲ್ಲ. ನೀನು ಚೀನಿ, ಪ್ರಜೆಯಲ್ಲ ಎಂದ. ಚೀನಿ ಕೂಲಿಗಳು ಬರಬಾರದು ಎಂಬ ಕಾನೂನು 1882ರಿಂದಲೇ ಇತ್ತು. ಹುಟ್ಟಿದ ಊರಿನ ದೀಪಗಳು ಕಣ್ಣಿಗೆ ಕಾಣುತ್ತಿರುವಾಗ ಅವನು ತಿಂಗಳುಗಟ್ಟಲೆ ಕೊಲ್ಲಿಯಲ್ಲಿ ನಿಂತ ಹಡಗುಗಳ ಮೇಲೆ ಬಂಧಿಯಾಗಿದ್ದ.

ಅವನ ಪರವಾಗಿ ವಕೀಲರನ್ನು ಇಟ್ಟವರು ಯಾರು ಗೊತ್ತೇ? ಚೀನಿಯರ ಆರು ಕಂಪನಿಗಳು ಎಂದು ಆಗ ಹೆಸರಾಗಿದ್ದ ಸಂಘ. ಹೆಸರು ಕಂಪನಿ ಎಂದಿದ್ದರೂ ಅವು ಊರೂರಿನವರು, ಸೀಮೆ ಸೀಮೆಯವರು ಸೇರಿ ಕಟ್ಟಿಕೊಂಡ ಕೂಟಗಳು. ಹೊಸದಾಗಿ ಬಂದವರಿಗೆ ಇಳಿದುಕೊಳ್ಳಲು ಜಾಗ, ಕಾಯಿಲೆ ಬಿದ್ದವರಿಗೆ ನೆರವು, ಸತ್ತವರ ಮೂಳೆಗಳನ್ನು ಊರಿಗೆ ತಲುಪಿಸುವ ವ್ಯವಸ್ಥೆ, ಇವೆಲ್ಲ ಅವರ ಕೆಲಸಗಳು. ನಾವು ಈಗ ಕುಳಿತಿರುವುದೂ ಅಂಥದೇ ಒಂದು ಕೂಟದಲ್ಲಿ. ಯುಗಾದಿ ಮಾಡುತ್ತೇವೆ, ರಾಜ್ಯೋತ್ಸವ ಮಾಡುತ್ತೇವೆ, ಮಕ್ಕಳಿಗೆ ಕನ್ನಡ ಕಲಿಸುತ್ತೇವೆ, ಯಾರಾದರೂ ತೀರಿಕೊಂಡರೆ ದೇಹವನ್ನು ಊರಿಗೆ ಕಳಿಸಲು ಹಣ ಕೂಡಿಸುತ್ತೇವೆ. ಅವರು ಇಷ್ಟನ್ನೂ ಮಾಡಿ, ಜೊತೆಗೆ ತಮ್ಮ ಕೂಲಿಯ ದುಡ್ಡಿನಿಂದ ಸಾಲು ಸಾಲು ಮೊಕದ್ದಮೆಗಳನ್ನು ನಡೆಸಿದರು. 1898ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ಆರು-ಎರಡರ ಬಹುಮತದಲ್ಲಿ, ಈ ನೆಲದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಈ ದೇಶದ ಪ್ರಜೆ ಎಂದು ಹೇಳಿತು. ನಮ್ಮ ಮಕ್ಕಳ ಅಮೆರಿಕದ ನೀಲಿ ಪಾಸ್‌ಪೋರ್ಟಿನ ಹಿಂದೆ ಆ ಅಡುಗೆಯವನಿದ್ದಾನೆ.

ಅವನ ಹಿಂದೆ ಇನ್ನೂ ಯಾರೋ ಇದ್ದಾರೆ. ಅವನು ಹಿಡಿದುಕೊಂಡು ನಿಂತದ್ದು ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಸೇರಿದ ಹದಿನಾಲ್ಕನೆಯ ತಿದ್ದುಪಡಿಯನ್ನು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ ಇದೇ ಸುಪ್ರೀಂ ಕೋರ್ಟ್, ಆಫ್ರಿಕಾ ಮೂಲದವರು ಗುಲಾಮರಿರಲಿ ಸ್ವತಂತ್ರರಿರಲಿ ಎಂದಿಗೂ ಈ ದೇಶದ ಪ್ರಜೆಗಳಾಗಲಾರರು ಎಂದಿತ್ತು. ಆ ಅನ್ಯಾಯವನ್ನು ಅಳಿಸಲು ಒಂದು ಅಂತರ್ಯುದ್ಧ, ಆರು ಲಕ್ಷಕ್ಕೂ ಹೆಚ್ಚು ಸಾವು ಬೇಕಾಯಿತು. ಆಮೇಲೆ ಬರೆದ ವಾಕ್ಯ, ಇಲ್ಲಿ ಹುಟ್ಟಿದ, ಇಲ್ಲಿಯ ಆಡಳಿತ ವ್ಯಾಪ್ತಿಗೆ ಒಳಪಟ್ಟ ಎಲ್ಲರೂ ಪ್ರಜೆಗಳು ಎಂಬುದು. 1866ರಲ್ಲಿ ಸೆನೆಟ್ ಚರ್ಚೆಯಲ್ಲಿ ಪೆನ್ಸಿಲ್ವೇನಿಯಾದ ಸದಸ್ಯ ಎಡ್ಗರ್ ಕೋವನ್, ಹಾಗಾದರೆ ಚೀನಿಯರ ಮಕ್ಕಳೂ ಪ್ರಜೆಗಳಾಗುತ್ತಾರಲ್ಲ ಎಂದು ಆಕ್ಷೇಪಿಸಿದ. ಎದ್ದು ಉತ್ತರ ಕೊಟ್ಟವನು ನಮ್ಮ ಕ್ಯಾಲಿಫೋರ್ನಿಯಾದ ಸೆನೆಟರ್ ಜಾನ್ ಕಾನೆಸ್. ಅವನು ಐರ್ಲೆಂಡಿನಲ್ಲಿ ಹುಟ್ಟಿ ವಲಸೆ ಬಂದವನು. ಹೌದು, ಅವರ ಮಕ್ಕಳೂ ಆಗಬೇಕು, ಅದನ್ನು ತಿಳಿದೇ ನಾನು ಇದಕ್ಕೆ ಮತ ಹಾಕುತ್ತೇನೆ ಎಂಬ ಅರ್ಥದಲ್ಲಿ ಮಾತಾಡಿದ. ಚೀನಿಯರನ್ನು ಕಂಡರಾಗದ ರಾಜ್ಯದಿಂದ ಆರಿಸಿ ಬಂದವನು ಸಭೆಯಲ್ಲಿ ನಿಂತು ಹಾಗೆ ಹೇಳಿದ್ದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು.

ಈಗ 1923ಕ್ಕೆ ಬರೋಣ. ಭಗತ್ ಸಿಂಗ್ ಥಿಂಡ್ ಪಂಜಾಬಿನಿಂದ ಬಂದವರು. ಮೊದಲ ಮಹಾಯುದ್ಧದಲ್ಲಿ ಪೇಟ ಕಟ್ಟಿಕೊಂಡೇ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿ, ಗೌರವದಿಂದ ಬಿಡುಗಡೆಯಾದವರು. ಆಗಿನ ಕಾನೂನಿನಲ್ಲಿ ವಲಸೆ ಬಂದವರ ಪೈಕಿ ಬಿಳಿಯರು ಮತ್ತು ಆಫ್ರಿಕಾ ಮೂಲದವರು ಮಾತ್ರ ಪೌರತ್ವ ಪಡೆಯಬಹುದಿತ್ತು. ಥಿಂಡ್ ಅವರ ಪರ ವಾದ ಹೀಗಿತ್ತು: ಪಂಜಾಬಿನ ಮೇಲ್ಜಾತಿಯ ಹಿಂದೂಗಳು ಆರ್ಯರು, ಜನಾಂಗಶಾಸ್ತ್ರದ ಪ್ರಕಾರ ಯುರೋಪಿನವರು ಸೇರಿದ ಕಕೇಶಿಯನ್ ಜನಾಂಗದವರು, ಆದ್ದರಿಂದ ಬಿಳಿಯರು. ಕೆಳಜಾತಿಯವರ ಜೊತೆ ಬೆರೆಯದೆ ರಕ್ತವನ್ನು ಶುದ್ಧವಾಗಿ ಉಳಿಸಿಕೊಂಡಿದ್ದಾರೆ ಎಂಬುದಕ್ಕೆ ಜಾತಿಪದ್ಧತಿಯನ್ನೇ ಸಾಕ್ಷಿಯಾಗಿ ಮುಂದಿಟ್ಟರು. ಥಿಂಡ್ ಸಿಖ್ಖರು. ಆದರೆ ಆಗ ಇಲ್ಲಿ ಭಾರತೀಯರೆಲ್ಲರನ್ನೂ ಹಿಂದೂ ಎಂದೇ ಕರೆಯುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ತಿದ್ದುಪಡಿ ಎಲ್ಲರಿಗೂ ಎಂದಿದೆ, ಆ ಎಲ್ಲರಲ್ಲಿ ನಾನೂ ಒಬ್ಬ ಎಂದದ್ದು ವಾಂಗ್ ಕಿಮ್ ಆರ್ಕ್‌ನ ವಾದ. ನೀವು ಹೊರಗಿಟ್ಟಿರುವವರಂಥವನು ನಾನಲ್ಲ, ನಿಮ್ಮಂಥವನು ಎಂದದ್ದು ಥಿಂಡ್ ಅವರ ವಾದ. ವಲಸೆ ಬಂದವರ ಪೌರತ್ವಕ್ಕೆ ಬಣ್ಣದ ಗೋಡೆ ಇದ್ದ ಕಾನೂನಿನಲ್ಲಿ ಅವರಿಗೆ ಬೇರೆ ದಾರಿ ಇರಲಿಲ್ಲ, ನಿಜ. ನಾನು ಆ ಸೈನಿಕನನ್ನು ದೂರುವುದಿಲ್ಲ. ಆದರೆ ಆ ವಾದಕ್ಕೆ ಸಿಕ್ಕ ಉತ್ತರವನ್ನು ನೋಡಿ. ಮೂರು ತಿಂಗಳ ಹಿಂದಷ್ಟೇ ಜಪಾನಿನ ಒಜಾವಾ ಎಂಬವರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಸದರ್‌ಲ್ಯಾಂಡ್, ಬಿಳಿಯರು ಎಂದರೆ ಕಕೇಶಿಯನ್ನರು, ಚರ್ಮದ ಬಣ್ಣ ಮುಖ್ಯವಲ್ಲ ಎಂದು ಬರೆದಿದ್ದರು. ಅದೇ ಮಾತನ್ನು ಹಿಡಿದು ಥಿಂಡ್ ಬಂದಾಗ ಅದೇ ನ್ಯಾಯಮೂರ್ತಿ, ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ನೀನು ಬಿಳಿಯನಲ್ಲ ಎಂದುಬಿಟ್ಟರು. ಅಳತೆಗೋಲು ಅವರ ಕೈಯಲ್ಲಿತ್ತು. ನಾವು ಅದಕ್ಕೆ ಸರಿಯಾಗಿ ಉದ್ದವಾಗಿ ನಿಂತೊಡನೆ ಅವರು ಗೋಲನ್ನೇ ಬದಲಾಯಿಸಿದರು.

ತೀರ್ಪಿನ ಬೆನ್ನಿಗೆ ಆಗಲೇ ಪ್ರಜೆಗಳಾಗಿದ್ದ ಹತ್ತಾರು ಭಾರತೀಯರ ಪೌರತ್ವವನ್ನು ಕಿತ್ತುಕೊಳ್ಳಲಾಯಿತು. ಅವರಲ್ಲಿ ಒಬ್ಬರು ವೈಷ್ಣೋ ದಾಸ್ ಬಗಾಯಿ. ಪೇಶಾವರದ ಸ್ಥಿತಿವಂತರ ಮನೆಯವರು. ಬ್ರಿಟಿಷರ ಆಳ್ವಿಕೆಯಲ್ಲಿ ಬದುಕಲಾರೆ ಎಂದು 1915ರಲ್ಲಿ ಹೆಂಡತಿ ಕಲಾ ಮತ್ತು ಮೂರು ಗಂಡುಮಕ್ಕಳನ್ನು ಕರೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದರು. ಭಾರತದ ಸ್ವಾತಂತ್ರ್ಯಕ್ಕಾಗಿ ಇಲ್ಲಿಂದ ಹೋರಾಡುತ್ತಿದ್ದ ಗದರ್ ಚಳವಳಿಯ ಜೊತೆ ನಿಂತರು. ಅಂಗಡಿ ಇಟ್ಟರು, ಒಳ್ಳೆಯ ಇಂಗ್ಲಿಷ್ ಕಲಿತರು, ಸೂಟು ಹಾಕಿದರು, 1921ರಲ್ಲಿ ಪ್ರಜೆಯಾದರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ತುಂಬಿಕೊಂಡು ಹೋದರೆ, ಇವರು ಒಳಗೆ ಕಾಲಿಡದಂತೆ ನೆರೆಯವರು ಮನೆಗೆ ಬೀಗ ಹಾಕಿದ್ದರು. ಮಕ್ಕಳಿಗೆ ಏನಾದರೂ ಆದೀತೆಂದು ಕಲಾ ಅವರು ಹೆದರಿದರು, ಗಾಡಿ ತಿರುಗಿಸಿಕೊಂಡು ಬಂದರು. 1923ರ ತೀರ್ಪಿನ ನಂತರ ಪೌರತ್ವ ಹೋಯಿತು. ಪ್ರಜೆಯಾಗಲು ಅರ್ಹರಲ್ಲದವರು ಜಮೀನು ಹೊಂದಬಾರದು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಇದ್ದುದರಿಂದ ಆಸ್ತಿಯೂ ಹೋಯಿತು. ಊರಿಗೆ ಹೋಗಿಬರಲು ಪಾಸ್‌ಪೋರ್ಟ್ ಕೇಳಿದರೆ ಸಿಗಲಿಲ್ಲ, ಬ್ರಿಟಿಷ್ ಪಾಸ್‌ಪೋರ್ಟಿಗೆ ಅರ್ಜಿ ಹಾಕು ಎಂದರು. ಯಾರ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದಿದ್ದರೋ ಅವರದೇ ಪಾಸ್‌ಪೋರ್ಟು. 1928ರಲ್ಲಿ ಅವರು ಒಂದು ಬಾಡಿಗೆ ಕೋಣೆ ಹಿಡಿದು ಅಲ್ಲಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಪತ್ರಿಕೆಗೆ ಬರೆದಿಟ್ಟ ಕಾಗದದಲ್ಲಿ, ಚಿನ್ನದ ಪಂಜರದೊಳಗಿನ ಈ ಬಾಳು ಬಾಳಬೇಕೇ ಎಂದು ಕೇಳಿದ್ದರು. ಆ ಬಾಡಿಗೆ ಕೋಣೆ ಇದ್ದದ್ದು ಇದೇ ಸ್ಯಾನ್ ಹೋಸೆಯಲ್ಲಿ. ನಾವು ತರಕಾರಿ ತರುವ, ಮಕ್ಕಳನ್ನು ಭರತನಾಟ್ಯದ ತರಗತಿಗೆ ಬಿಡುವ ಈ ಊರಿನಲ್ಲಿ.

ಇಪ್ಪತ್ತಾರು ವರ್ಷದಿಂದ ಇಲ್ಲಿರುವ ನನಗೆ ಇದು ಈ ವರ್ಷದವರೆಗೆ ಗೊತ್ತಿರಲಿಲ್ಲ.

ಕಲಾ ಬಗಾಯಿ ಮೂವರು ಮಕ್ಕಳನ್ನು ಓದಿಸಿ ಬೆಳೆಸಿದರು. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಕೊಡುವ ಕಾನೂನು ಬಂದ ಮೇಲೆ ಪ್ರಜೆಯೂ ಆದರು. ಆ ಕಾನೂನಿನ ಪ್ರಕಾರ ಇಡೀ ಭಾರತದಿಂದ ವರ್ಷಕ್ಕೆ ಬರಬಹುದಾಗಿದ್ದವರು ನೂರು ಮಂದಿ. ಈ ಸಭಾಂಗಣದಲ್ಲಿ ಇರುವಷ್ಟೂ ಇಲ್ಲ.

ಆ ನೂರು ಲಕ್ಷಗಳಾದದ್ದು ಹೇಗೆ? ನಮ್ಮವರನ್ನು ಕೇಳಿದರೆ ಐಐಟಿ, ಸುರತ್ಕಲ್, ಬಿಎಂಎಸ್, ಗಣಿತ, ಕಂಪ್ಯೂಟರ್ ಎನ್ನುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಓದಿದ್ದೇವೆ, ಕಷ್ಟಪಟ್ಟಿದ್ದೇವೆ, ಅದು ಸುಳ್ಳಲ್ಲ. ಆದರೆ 1950ರಲ್ಲೂ ನಮ್ಮಲ್ಲಿ ಗಣಿತ ಬಲ್ಲವರಿದ್ದರು, ಅವರಿಗೆ ಬಾಗಿಲು ತೆರೆಯಲಿಲ್ಲ. ದೇಶ ನೋಡಿ, ಜನಾಂಗ ನೋಡಿ ಒಳಗೆ ಬಿಡುವ ಪದ್ಧತಿಯನ್ನು ಕಿತ್ತುಹಾಕಿದ್ದು 1965ರ ವಲಸೆ ಕಾನೂನು. ಅಧ್ಯಕ್ಷ ಜಾನ್ಸನ್ ಅದಕ್ಕೆ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಅಡಿಯಲ್ಲಿ ಕುಳಿತು ಸಹಿ ಹಾಕಿದರು. ಅದೇ ವರ್ಷ ಆಗಸ್ಟ್ 6ರಂದು ಅವರೇ, ಅದೇ ಕಾಂಗ್ರೆಸ್ಸು ಒಪ್ಪಿದ ಮತದಾನದ ಹಕ್ಕುಗಳ ಕಾನೂನಿಗೆ ಸಹಿ ಹಾಕಿದ್ದರು. ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ ಸೇತುವೆಯ ಮೇಲೆ ಕಪ್ಪು ಜನರನ್ನು ಪೊಲೀಸರು ಲಾಠಿಯಿಂದ ಬಡಿದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತ್ತು. ಜನಾಂಗ ನೋಡಿ ಮತದ ಹಕ್ಕು ಕೊಡುವುದು ತಪ್ಪು ಎಂದು ಒಪ್ಪಿಕೊಂಡ ದೇಶ, ಜನಾಂಗ ನೋಡಿ ವೀಸಾ ಕೊಡುವುದನ್ನು ಹೇಗೆ ಸಮರ್ಥಿಸಿಕೊಂಡೀತು? ಆ ಸೇತುವೆಯ ಮೇಲೆ ತಲೆ ಒಡೆಸಿಕೊಂಡವರಿಗೆ ತೀರ್ಥಹಳ್ಳಿ ಎಂಬ ಊರು ಇದೆಯೆಂದು ಗೊತ್ತಿರಲಿಲ್ಲ. ನಮ್ಮನ್ನು ಹೊಳೆ ದಾಟಿಸಿದ ಅಂಬಿಗರು ಅವರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕೆಲವು ಮನೆಗಳ ಊಟದ ಮೇಜಿನಲ್ಲಿ ಕಪ್ಪು ಜನರ ಬಗ್ಗೆ ಬರುವ ಮಾತುಗಳನ್ನು ಕೇಳುವಾಗ ಆ ಗಾದೆ ನೆನಪಾಗಿ ನನಗೆ ನೋವಾಗುತ್ತದೆ.

ಈ ವರ್ಷ ಫೆಬ್ರುವರಿ 5ರಂದು ಅಮೆರಿಕದ ಸೈನ್ಯದ ವಿಮಾನವೊಂದು 104 ಭಾರತೀಯರನ್ನು ಹೊತ್ತು ಅಮೃತಸರದಲ್ಲಿ ಇಳಿಯಿತು. ಅವರ ಕೈಗೆ ಕೋಳ, ಕಾಲಿಗೆ ಸರಪಳಿ. ಹೆಚ್ಚಿನವರು ಪಂಜಾಬ್, ಹರಿಯಾಣ, ಗುಜರಾತಿನ ಹಳ್ಳಿಯವರು. ಗದ್ದೆ ಮಾರಿ, ಸಾಲ ಮಾಡಿ ಏಜೆಂಟರಿಗೆ ಸುರಿದು, ಪನಾಮಾದ ಕಾಡು ದಾಟಿ ಬಂದವರೂ ಅವರಲ್ಲಿದ್ದರು. ಆ ವಾರ ಒಂದು ಗೃಹಪ್ರವೇಶದಲ್ಲಿ ನಾನಿದ್ದೆ. ಸುದ್ದಿ ಬಂದಾಗ ಅಲ್ಲಿದ್ದವರ ಬಾಯಲ್ಲಿ ಬಂದ ಮೊದಲ ಮಾತು, "ನಾವು ಕಾನೂನಿನ ಪ್ರಕಾರ ಬಂದವರು, ಅವರಂಥವರಲ್ಲ. ಅವರಿಂದ ನಮಗೆ ಕೆಟ್ಟ ಹೆಸರು." ನಾನು ಸುಮ್ಮನೆ ಊಟ ಮಾಡಿದೆ. ಆ ಮೌನಕ್ಕೆ ಇವತ್ತಿಗೂ ನಾಚುತ್ತೇನೆ.

ಗಡಿ ಕಾಯುವ ಹಕ್ಕು ಯಾವ ದೇಶಕ್ಕೂ ಇದೆ. 2023ರಲ್ಲಿ ದಕ್ಷಿಣದ ಮೆಕ್ಸಿಕೊ ಗಡಿಯಿಂದ ಲಕ್ಷಾಂತರ ಜನ ಒಳಬಂದದ್ದನ್ನು ಯಾವ ಸರ್ಕಾರವೂ ಹಾಗೆಯೇ ಬಿಡಲಾಗುತ್ತಿರಲಿಲ್ಲ. ಸುಳ್ಳು ಹೇಳಿ ಕರೆತರುವ ಏಜೆಂಟರಿಗೆ ಶಿಕ್ಷೆಯಾಗಬೇಕು. ತಪ್ಪಾಗಿ ಬಂದವರನ್ನು ವಾಪಸು ಕಳಿಸುವುದಕ್ಕೂ ನನ್ನ ತಕರಾರಿಲ್ಲ. ಆದರೆ ಕೊಲೆ ಮಾಡದವರಿಗೆ, ಕದಿಯದವರಿಗೆ ಕಾಲಿಗೆ ಸರಪಳಿ ಹಾಕಿದ್ದನ್ನು ನೋಡಿ ನಮಗೆ ಮೊದಲು ಬಂದ ಯೋಚನೆ ನಮ್ಮ ಹೆಸರಿನದೇ? ಅದು ಥಿಂಡ್ ಅವರ ವಕೀಲರ ವಾದವೇ, ನೂರು ವರ್ಷದ ನಂತರ. ನಮಗೆ ಬಂದ ಉತ್ತರವೂ ಅದೇ. ಪೌರತ್ವದ ಆದೇಶ ಕಾನೂನುಬದ್ಧರನ್ನೂ ಕಾನೂನುಬಾಹಿರರನ್ನೂ ಒಂದೇ ಹಾಳೆಯಲ್ಲಿ ಬರೆಯಿತು. ಸೆಪ್ಟೆಂಬರ್ 19ರಂದು ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂತು. ಆ ವೀಸಾ ಪಡೆಯುವ ಹತ್ತರಲ್ಲಿ ಏಳಕ್ಕೂ ಹೆಚ್ಚು ಮಂದಿ ಭಾರತದಲ್ಲಿ ಹುಟ್ಟಿದವರು. ಅದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಮರುದಿನ ಬರುವ ಹೊತ್ತಿಗೆ, ಮದುವೆಗೆಂದು ಊರಿಗೆ ಹೋದವರು ಬಾಸಿಂಗ ಬಿಚ್ಚಿಟ್ಟು ವಿಮಾನ ನಿಲ್ದಾಣಕ್ಕೆ ಓಡಿದ್ದರು. ನಿಮ್ಮಲ್ಲೇ ಇಬ್ಬರು ಆ ರಾತ್ರಿಯನ್ನು ನನಗೆ ಹೇಳಿದ್ದೀರಿ. ಉದ್ಯೋಗದ ಗ್ರೀನ್ ಕಾರ್ಡಿಗೆ ಎರಡನೆಯ ದರ್ಜೆಯ ಸಾಲಿನಲ್ಲಿ ನಿಂತ ಭಾರತೀಯರಲ್ಲಿ ಈ ಡಿಸೆಂಬರ್‌ನಲ್ಲಿ ಸರದಿ ಬಂದಿರುವುದು 2013ರಲ್ಲಿ ಸಾಲಿಗೆ ಸೇರಿದವರಿಗೆ. ಪ್ರತಿಭೆ, ಪದವಿ, ತೆರಿಗೆ ಯಾವುದೂ ಈ ಸಾಲನ್ನು ಮುಂದೆ ತಳ್ಳಿಲ್ಲ.

ನಮ್ಮ ಬಗ್ಗೆ ಇಲ್ಲಿನ ಕೆಲವರಿಗೆ ಇರುವ ಸಿಟ್ಟೆಲ್ಲ ದ್ವೇಷ ಎಂದು ನಾನು ಹೇಳಲಾರೆ. ಒಂದು ಘಟನೆ ಹೇಳಲೇಬೇಕು. ನಾನು ಎಚ್-1ಬಿಯಲ್ಲಿದ್ದಾಗ ಒಂದು ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದ ಒಬ್ಬ ಹೆಂಗಸಿನ ಪಕ್ಕದಲ್ಲಿ ಆರು ವಾರ ಕೂರಿಸಿ, ಅವರ ಕೆಲಸವನ್ನೆಲ್ಲ ನನಗೆ ಕಲಿಸುವಂತೆ ಅವರಿಗೇ ಹೇಳಿದರು. ನಾಲೆಡ್ಜ್ ಟ್ರಾನ್ಸ್‌ಫರ್ ಎನ್ನುತ್ತೇವಲ್ಲ, ಅದು. ಕಲಿಸಿ ಮುಗಿದ ದಿನ ಅವರ ಕೆಲಸವೂ ಮುಗಿಯಿತು. ಅವರು ಒಹಾಯೊದ ಒಂದು ಸಣ್ಣ ಊರಿನವರು. ಅವರ ತಂದೆ, ಅಣ್ಣ ಇಬ್ಬರ ಕಾರ್ಖಾನೆಗಳೂ ಮುಚ್ಚಿದ್ದವು. 2000ದಿಂದ 2010ರ ನಡುವೆ ಈ ದೇಶದಲ್ಲಿ ಕಾರ್ಖಾನೆ ಕೆಲಸಗಳು ಐವತ್ತು ಲಕ್ಷಕ್ಕೂ ಹೆಚ್ಚು ಕಡಿಮೆಯಾದವು ಎಂದು ಆಮೇಲೆ ಓದಿದೆ. ಆದರೆ ನನಗೆ ಆ ಅಂಕಿ ಅರ್ಥವಾದದ್ದು ಅವರ ಮುಖದಲ್ಲಿ. ಕೊನೆಯ ದಿನ ಅವರು ತಮ್ಮ ಮೇಜಿನ ಮೇಲಿದ್ದ ಮನಿ ಪ್ಲಾಂಟ್ ಕುಂಡವನ್ನು ನನಗೆ ಕೊಟ್ಟು, "ನಿನ್ನ ತಪ್ಪಿಲ್ಲ" ಎಂದರು. ಅದರ ಬಳ್ಳಿ ಇವತ್ತೂ ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ. ಆಗ ನನಗೆ ಬೇರೆ ದಾರಿ ಇರಲಿಲ್ಲ. ಕೆಲಸ ಬಿಟ್ಟರೆ ವೀಸಾ ಹೋಗುತ್ತಿತ್ತು. ಅವರಿಗೂ ಇರಲಿಲ್ಲ. ಎದುರು ಮಾತಾಡಿದರೆ ಕೆಲಸದಿಂದ ಬಿಡಿಸುವಾಗ ಕೊಡುವ ಹಣ ಹೋಗುತ್ತಿತ್ತು. ಅವರ ಊರಿನವರು ಯಾರಿಗೆ ಮತ ಹಾಕಿರಬಹುದು ಎಂದು ನನಗೆ ಊಹೆ ಇದೆ. ಅವರನ್ನು ಮೂಢರು ಎನ್ನುವವರ ಜೊತೆ ನಾನು ಸೇರಲಾರೆ. ವೀಸಾದವರನ್ನು ಕೆಲಸಕ್ಕೆ ಕಟ್ಟಿಹಾಕಿ ಇಬ್ಬರನ್ನೂ ಬಾಯಿ ಮುಚ್ಚಿಸುವ ಕಾನೂನನ್ನು ಸರಿಮಾಡಬೇಕು ಎಂದು ನಾವೂ ಅವರೂ ಒಟ್ಟಿಗೆ ಕೇಳಬಹುದಿತ್ತು. ಕೇಳಲಿಲ್ಲ.

ಕೇಳುವ ಜಾಗ ಯಾವುದು? ನಮ್ಮವರಿಗೆ ಅಧ್ಯಕ್ಷರ ಚುನಾವಣೆ ಎಂದರೆ ಬಹಳ ಉತ್ಸಾಹ, ವಾಟ್ಸ್‌ಆ್ಯಪ್‌ನಲ್ಲಿ ರಾತ್ರಿಯೆಲ್ಲ ಮಾತು. ನಾನು ನಾಲ್ಕು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದೇನೆ. ಈ ನವೆಂಬರ್ 4ರಂದೂ ಮಾಡಿದೆ. ಭಾರತದಲ್ಲಿರುವ ಹಾಗೆ ಇಲ್ಲಿ ದೇಶಕ್ಕೆಲ್ಲ ಒಂದು ಚುನಾವಣಾ ಆಯೋಗ ಮತದಾನ ನಡೆಸುವುದಿಲ್ಲ. ನಮ್ಮ ಕಡೆಯ ಜಿಲ್ಲೆಯಂಥ ಕೌಂಟಿಗಳೇ ನಡೆಸುತ್ತವೆ, ನಿಮ್ಮಂಥ ನೆರೆಹೊರೆಯವರೇ ಮೇಜಿನ ಹಿಂದೆ ಕೂರುತ್ತಾರೆ. ಆ ದಿನ ನಮ್ಮ ಸಾಂಟಾ ಕ್ಲಾರಾ ಕೌಂಟಿಯ ಮತಪತ್ರದಲ್ಲಿ ಎರಡು ದೊಡ್ಡ ವಿಷಯಗಳಿದ್ದವು. ಟೆಕ್ಸಾಸ್ ತನ್ನ ಕ್ಷೇತ್ರಗಳನ್ನು ಒಂದು ಪಕ್ಷಕ್ಕೆ ಅನುಕೂಲವಾಗುವಂತೆ ಮರುವಿಂಗಡಿಸಿದ್ದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾವೂ ಇನ್ನೊಂದು ಪಕ್ಷಕ್ಕೆ ಹಾಗೆಯೇ ಮಾಡಬೇಕೇ ಎಂಬುದು ಒಂದು. ಗೆದ್ದಿತು. ನನಗೆ ಅದು ಇಷ್ಟವಾಗಲಿಲ್ಲ ಎಂದು ಹೇಳಿಬಿಡುತ್ತೇನೆ. ಗೆರೆ ಎಳೆಯುವ ಕೆಲಸವನ್ನು ಸ್ವತಂತ್ರ ಸಮಿತಿಗೆ ಬಿಟ್ಟ ರಾಜ್ಯ ನಮ್ಮದು ಎಂಬ ಹೆಮ್ಮೆ ನನಗಿತ್ತು. ಕೇಂದ್ರ ಸರ್ಕಾರ ಬಡವರ ಆರೋಗ್ಯದ ಹಣ ಕಡಿತ ಮಾಡಿದ್ದರಿಂದ ಕೌಂಟಿಯ ಆಸ್ಪತ್ರೆಗಳನ್ನು ಉಳಿಸಿಕೊಳ್ಳಲು ಮಾರಾಟ ತೆರಿಗೆ ಹೆಚ್ಚಿಸಬೇಕೇ ಎಂಬುದು ಇನ್ನೊಂದು. ಅದೂ ಗೆದ್ದಿತು. ಅದಕ್ಕೆ ನಾನು ಸಂತೋಷದಿಂದ ಮತ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಮಗನ ಕೈ ಹಿಡಿದುಕೊಂಡು ಒಬ್ಬ ಅಮ್ಮ ಬಂದರು. ಎಪ್ಪತ್ತೈದು ದಾಟಿರಬೇಕು. ಇಳಕಲ್ ಸೀರೆ, ಮೇಲೊಂದು ದಪ್ಪ ಸ್ವೆಟರ್. ಪ್ರಜೆಯಾದ ಮೇಲೆ ಮೊದಲ ಮತ. ಮತಪತ್ರವನ್ನು ಪೆಟ್ಟಿಗೆಗೆ ಹಾಕಿ ನನ್ನ ಬಳಿ ಬಂದು ಎಡಗೈಯ ತೋರುಬೆರಳನ್ನು ಚಾಚಿ ನಿಂತರು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಶಾಯಿ ಹಚ್ಚುವುದಿಲ್ಲವೇನಮ್ಮಾ?" ಎಂದರು. 1962ರಿಂದ ಭಾರತದ ಮತದಾರರ ಬೆರಳಿಗೆ ಹಚ್ಚುವ ಆ ಶಾಯಿ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಇಲ್ಲಿ ಶಾಯಿ ಇಲ್ಲ ಅಮ್ಮಾ, ಸಹಿ ಹೊಂದಿಸಿ ನೋಡುತ್ತಾರೆ ಎಂದು ಹೇಳಿ, ಮತ ಹಾಕಿದ್ದೇನೆ ಎಂದು ಬರೆದ ಸಣ್ಣ ಚೀಟಿಯನ್ನು ಅವರ ಸ್ವೆಟರಿಗೆ ಅಂಟಿಸಿದೆ. ಅವರು ಅದನ್ನು ಮತ್ತೆ ಮತ್ತೆ ಸವರಿಕೊಂಡರು. ನನ್ನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ವಿಯೆಟ್ನಾಂ ಮೂಲದ ಹುಡುಗಿ ಹೈಸ್ಕೂಲು ವಿದ್ಯಾರ್ಥಿನಿ. ಅವರು ಏನು ಕೇಳಿದರು ಎಂದಳು. ಹೇಳಿದೆ. ತನ್ನ ಅಜ್ಜಿ ದೋಣಿಯಲ್ಲಿ ಈ ದೇಶಕ್ಕೆ ಬಂದು ಮೊದಲ ಮತ ಹಾಕಿದ ದಿನ ಬಹಳ ಅತ್ತಿದ್ದಳಂತೆ ಎಂದಳು. ಆಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಿಮ್ಮಲ್ಲಿ ಅರ್ಧದಷ್ಟು ಜನ ಇನ್ನೂ ಪ್ರಜೆಗಳಲ್ಲ, ನಮಗೇನು ಕೆಲಸ ಎಂದುಕೊಳ್ಳುತ್ತಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ಗ್ರೀನ್ ಕಾರ್ಡ್ ಇದ್ದವರೂ ಮತಗಟ್ಟೆಯಲ್ಲಿ ಕೆಲಸ ಮಾಡಬಹುದು, ಮತ ಮಾತ್ರ ಹಾಕುವಂತಿಲ್ಲ. ಹದಿನಾರು ತುಂಬಿದ ನಿಮ್ಮ ಮಕ್ಕಳೂ ಮಾಡಬಹುದು. ವೀಸಾದಲ್ಲಿ ಇರುವವರು ಶಾಲಾ ಮಂಡಳಿಯ ಸಭೆಗೆ, ನಗರಸಭೆಗೆ ಹೋಗಿ ಮಾತಾಡಬಹುದು. ಅಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಕೂಟದ ಕಾರ್ಯಕಾರಿ ಸಮಿತಿಯ ಮುಂದೆ ನಾನು ಒಂದು ಬೇಡಿಕೆಯನ್ನೂ ಇಟ್ಟಿದ್ದೇನೆ. ರಾಜ್ಯೋತ್ಸವದ ಖರ್ಚಿನಲ್ಲಿ ಉಳಿದ ಹಣದ ಒಂದು ಪಾಲನ್ನು ವಲಸಿಗರಿಗೆ ಉಚಿತ ಕಾನೂನು ನೆರವು ಕೊಡುವ ಸಂಸ್ಥೆಗಳಿಗೆ ಕೊಡೋಣ ಎಂದು. ಆ ನೆರವು ಕನ್ನಡಿಗರಿಗಷ್ಟೇ ಹೋಗಲಿ ಎಂಬ ಷರತ್ತು ಬೇಡ. ಸಮಿತಿಯಲ್ಲಿ ಭಿನ್ನಾಭಿಪ್ರಾಯವಿದೆ, ಮುಂದಿನ ತಿಂಗಳು ಚರ್ಚೆಯಿದೆ. ದಯವಿಟ್ಟು ಬನ್ನಿ, ವಿರೋಧಿಸುವುದಿದ್ದರೂ ಬಂದು ವಿರೋಧಿಸಿ.

ಅಂತಿಮ ಚುನಾವಣೆಗೆ ಅಭ್ಯರ್ಥಿಗಳನ್ನು ಆರಿಸುವ ಮುಂದಿನ ಪ್ರಾಥಮಿಕ ಚುನಾವಣೆ 2026ರ ಜೂನ್ 2ರಂದು. ಕೌಂಟಿಯವರಿಗೆ ಮತಗಟ್ಟೆಯಲ್ಲಿ ಕೆಲಸ ಮಾಡುವವರು ಬೇಕು. ಹೊರಗೆ ಕಾಫಿ ಇಟ್ಟಿರುವ ಮೇಜಿನ ಪಕ್ಕದಲ್ಲಿ ಒಂದು ಹಾಳೆ ಇಟ್ಟಿದ್ದೇನೆ. ಆಸಕ್ತಿ ಇರುವವರು ಹೆಸರು ಬರೆದು ಹೋಗಿ, ಅರ್ಜಿ ತುಂಬುವುದು ಹೇಗೆಂದು ನಾನೇ ಫೋನ್ ಮಾಡಿ ಹೇಳುತ್ತೇನೆ. ಮೊದಲ ಹೆಸರು ಆಗಲೇ ಬಿದ್ದಿದೆ. ಆ ಇಳಕಲ್ ಸೀರೆಯ ಅಮ್ಮ ಕನ್ನಡ ಬಾರದವರಿಗೂ ಚೀಟಿ ಅಂಟಿಸಿಕೊಡುತ್ತೇನೆ ಎಂದು ಬರೆಸಿದ್ದಾರೆ.